ಕಿನ್ನರಗಥೆಯ ಚಿತ್ರಕಥೆಗೆ ಯಾವ ಮುಖಪುಟ, ಎಂಥ ಎಂಡ್‌ಪೇಪರ್?

ಚಿತ್ರಕಥೆ ಬರೆದು, ಬಿಡಿಸಿ, ಬಣ್ಣ ತುಂಬಿ ಮುಗಿಸಿದವರು ಸಲಹೆಗೆಂದು ಬರುವ ಹೊತ್ತಿಗೆ ಒಳಪುಟಗಳೆಲ್ಲ ತಯಾರಾಗಿರುತ್ತವೆ. ಮುಖಪುಟ ಮಾತ್ರ ‘ನೋಡೋಣ’ ಎನ್ನುವಲ್ಲೇ ಉಳಿದಿರುತ್ತದೆ. ಎಂಡ್‌ಪೇಪರ್, ಅಂದರೆ ರಟ್ಟು ತೆರೆದ ಕೂಡಲೇ ಎಡಕ್ಕೂ ಬಲಕ್ಕೂ ಹರಡಿಕೊಳ್ಳುವ ಆ ಜೋಡಿ ಹಾಳೆ, ಅದರ ಬಗ್ಗೆಯಂತೂ ಯಾರೂ ಯೋಚನೆ ಮಾಡಿರುವುದಿಲ್ಲ. ಬೈಂಡರ್ ಕೈಗೆ ಸಿಕ್ಕ ಬಿಳಿ ಹಾಳೆ ಅಂಟಿಸಿ ಕೊಡುತ್ತಾನೆ, ಅಲ್ಲಿಗೆ ಮುಗಿಯಿತು. ಅಜ್ಜಿ ಹೇಳುವಂಥ ಕಥೆಗಳ ಪುಸ್ತಕಕ್ಕೆ ಇದು ದೊಡ್ಡ ನಷ್ಟವೆಂದು ನನಗೆ ಅನ್ನಿಸುತ್ತದೆ. ಕಥೆ ಗೊತ್ತಿಲ್ಲದವರನ್ನು ಕರೆಯುವುದು ಮುಖಪುಟದ ಕೆಲಸ. ಕಥೆ ಬಾಯಿಪಾಠವಾದ ಮೇಲೂ ಅದೇ ಪುಸ್ತಕವನ್ನು ಕೈಗೆತ್ತಿಕೊಳ್ಳುವ ಮಗುವಿಗೆ ಹೊಸದೇನಾದರೂ ಕೊಡುವುದು ಎಂಡ್‌ಪೇಪರಿನ ಕೆಲಸ. ಎರಡಕ್ಕೂ ಒಂದೇ ಚಿತ್ರ, ಒಂದೇ ಲೆಕ್ಕಾಚಾರ ಸಾಲದು.

ಬೆಳಗಾವಿ, ಬಾಗಲಕೋಟೆ, ವಿಜಯಪುರದಂಥ ಊರುಗಳಲ್ಲಿ ಕುಳಿತು ಸಣ್ಣ ಪ್ರಮಾಣದಲ್ಲಿ ಪುಸ್ತಕ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಹಣ ಕಡಿಮೆಯಿದ್ದರೆ ಮುಖಪುಟದ ಮಿನುಗು, ಚಿನ್ನದ ಅಕ್ಷರ ಬಿಡಿ. ಎಂಡ್‌ಪೇಪರ್ ಬಿಡಬೇಡಿ.

ಮೊದಲು ಬೈಂಡಿಂಗ್

ಯಾವ ಚಿತ್ರ ಎನ್ನುವುದಕ್ಕಿಂತ ಮುಂಚೆ ಪುಸ್ತಕವನ್ನು ಹೇಗೆ ಕಟ್ಟಿಸುತ್ತೀರಿ ಎಂಬುದು ಗೊತ್ತಾಗಬೇಕು. ಎಂಡ್‌ಪೇಪರ್ ಇರುತ್ತದೋ ಇಲ್ಲವೋ ಎಂಬುದೇ ಅದರ ಮೇಲೆ ನಿಂತಿದೆ.

ನಡು ಮಡಿಕೆಗೆ ಎರಡು ಪಿನ್ ಹೊಡೆಯುವ ಸೆಂಟರ್ ಪಿನ್ನಿಂಗ್ ಎಲ್ಲಕ್ಕಿಂತ ಅಗ್ಗ, ಒಂದೇ ಕಥೆಯ ಪುಸ್ತಕಕ್ಕೆ ಅದು ಸಾಕು. ಅಮರ ಚಿತ್ರಕಥೆ 1960ರ ದಶಕದಲ್ಲಿ ಶುರುವಾದದ್ದು ಕನ್ನಡದಲ್ಲೇ, ಅದೂ ಪಾಶ್ಚಾತ್ಯ ಕಿನ್ನರಗಥೆಗಳಿಂದ. ಅಂಥ ಹತ್ತು ಸಂಚಿಕೆ ಆದ ಮೇಲೆ, ಹನ್ನೊಂದನೆಯದಾಗಿ ಕೃಷ್ಣನ ಕಥೆ ಬಂತು. 32 ಪುಟದ ಪಿನ್ ಹೊಡೆದ ಚಿತ್ರಕಥೆ ನಮ್ಮ ಓದುಗರಿಗೆ ಹೊಸದೇನಲ್ಲ. ಪುಟಗಳ ಸಂಖ್ಯೆ ನಾಲ್ಕರಿಂದ ಭಾಗವಾಗಬೇಕು, ಅಷ್ಟೇ.

ಇದರಲ್ಲಿ ಎಂಡ್‌ಪೇಪರ್ ಎಂಬ ಬೇರೆ ಹಾಳೆ ಇರುವುದಿಲ್ಲ. ಆದರೆ ಮುಖಪುಟದ ಒಳಮೈ ಮತ್ತು ಹಿಂಬದಿಯ ಒಳಮೈ ಇವೆ. ಪ್ರೆಸ್ಸಿನವರು ಕವರ್ ಎರಡು, ಕವರ್ ಮೂರು ಎನ್ನುತ್ತಾರೆ. ಅವನ್ನೇ ಎಂಡ್‌ಪೇಪರಿನಂತೆ ಬಳಸಿ. ಒಂದೇ ಬದಿಗೆ ಹೊಳಪಿರುವ ಆರ್ಟ್ ಕಾರ್ಡ್ ತೆಗೆದುಕೊಂಡರೆ ಒಳಮೈ ಇಂಕನ್ನು ಹೀರಿಕೊಂಡು ಬಣ್ಣ ಮಂಕಾಗುತ್ತದೆ. ಆದ್ದರಿಂದ ಎರಡೂ ಬದಿಗೆ ಕೋಟಿಂಗ್ ಇರುವ 250 ಅಥವಾ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ತೂಕದ ಅಳತೆ) ಕಾರ್ಡ್ ಬೇಕೆಂದು ಮೊದಲೇ ಹೇಳಿ. ಇನ್ನೊಂದು ಮಾತು. ಕವರ್ ಎರಡರ ಪಕ್ಕಕ್ಕೆ ಬರುವ ಒಂದನೇ ಪುಟ ಬೇರೆ ಕಾಗದದ್ದು. ಅವೆರಡರ ಮೇಲೆ ಹರಡುವ ಒಂದೇ ಚಿತ್ರ ಹಾಕಿದರೆ ಎಡಭಾಗದ ಆಕಾಶ ಒಂದು ನೀಲಿ, ಬಲಭಾಗದ್ದು ಇನ್ನೊಂದು ನೀಲಿ ಆಗಿ ಕೂರುತ್ತದೆ. ಅಲ್ಲಿ ಸಣ್ಣ ಚಿತ್ತಾರ ಚೆನ್ನ, ದೊಡ್ಡ ದೃಶ್ಯ ಬೇಡ.

ನಾಲ್ಕೈದು ಕಥೆ ಸೇರಿಸಿ ನೂರು ಪುಟದ ಹತ್ತಿರ ಹೋದರೆ ಗಮ್ ಬೈಂಡಿಂಗ್, ಅಂದರೆ ಪರ್ಫೆಕ್ಟ್ ಬೈಂಡಿಂಗ್. ಬೆನ್ನು ಸಿಗುತ್ತದೆ, ಸಾಕಷ್ಟು ಅಗಲವಿದ್ದರೆ ಅದರ ಮೇಲೆ ಹೆಸರು ಬರೆಯಬಹುದು. ಆದರೆ ಪುಸ್ತಕ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ. ನಡುವಿನ ಕಣಿವೆಯಲ್ಲಿ ಆಚೆ ಐದಾರು ಮಿಲಿಮೀಟರ್, ಈಚೆ ಐದಾರು ಮಿಲಿಮೀಟರ್ ಮುಳುಗಿಹೋಗುತ್ತದೆ. ರಾಜಕುಮಾರಿಯ ಮುಖ ಅಲ್ಲಿ ಬಂದರೆ ಮೂಗೇ ಇರುವುದಿಲ್ಲ. ಮಕ್ಕಳು ಪುಸ್ತಕವನ್ನು ಹಿಂದಕ್ಕೆ ಮಡಚಿ ಓದುತ್ತಾರೆ, ಬೇಸಿಗೆಯಲ್ಲಿ ಅಂಟು ಮೆತ್ತಗಾಗುತ್ತದೆ, ಹಾಳೆಗಳು ಬಿಡುತ್ತವೆ. ಮಕ್ಕಳ ಪುಸ್ತಕಕ್ಕೆ ನಾನು ಇದನ್ನು ಕಡೆಯ ಆಯ್ಕೆಯಾಗಿ ಇಡುತ್ತೇನೆ.

ಹೊಲಿದ ಹಾರ್ಡ್ ಬೌಂಡ್ ದುಬಾರಿ. ಆದರೆ ಶಾಲೆಯ ಗ್ರಂಥಾಲಯಕ್ಕೆ ಹೋಗುವ ಪುಸ್ತಕವಾದರೆ ಅದೇ ಸರಿ. ಇಲ್ಲಿ ಎಂಡ್‌ಪೇಪರ್ ಇರಲೇಬೇಕು. ರಟ್ಟನ್ನೂ ಒಳಪುಟಗಳ ಕಟ್ಟನ್ನೂ ಹಿಡಿದಿಡುವ ಕೊಂಡಿಯೇ ಅದು: ಅರ್ಧ ರಟ್ಟಿಗೆ ಅಂಟಿರುತ್ತದೆ, ಇನ್ನರ್ಧ ಬಿಡಿ ಹಾಳೆಯಾಗಿ ತಿರುಗುತ್ತದೆ. ಪುಸ್ತಕ ತೆರೆದಾಗಲೆಲ್ಲ ಎಳೆತ ಬೀಳುವುದು ಆ ಮಡಿಕೆಯ ಮೇಲೆ. ಹಾಗಾಗಿ 120ರಿಂದ 150 ಜಿಎಸ್‌ಎಂ ತೂಕದ, ಹೊಳಪಿಲ್ಲದ ಕಾಗದ ಬೇಕು. ಒಳಪುಟಕ್ಕೆ ತಂದ ಆರ್ಟ್ ಪೇಪರ್ ಉಳಿದಿದೆಯೆಂದು ಅದನ್ನೇ ಹಾಕಿಸಬೇಡಿ. ಮಡಿಕೆಯಲ್ಲಿ ಕೋಟಿಂಗ್ ಬಿರುಕು ಬಿಡುತ್ತದೆ, ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಕಾಗದದ ನಾರು ಬೆನ್ನಿಗೆ ಸಮಾನಾಂತರವಾಗಿರಲಿ. ಅಡ್ಡ ನಾರಿನ ಹಾಳೆ ಅಂಟಿನ ತೇವ ಕುಡಿದು ಹಿಗ್ಗಿ, ಆರಿದ ಮೇಲೆ ರಟ್ಟನ್ನೇ ಡೊಂಕು ಮಾಡುತ್ತದೆ. ಹಾಳೆಯನ್ನು ಎರಡೂ ಕಡೆಗೆ ಮೆಲ್ಲಗೆ ಬಗ್ಗಿಸಿ ನೋಡಿದರೆ ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಮಡಿಕೆಯ ಗೆರೆಯೇ ನಾರಿನ ದಿಕ್ಕು. ಹಳಬ ಬೈಂಡರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ದೀಪಾವಳಿ ಪಾಡ್ಯಕ್ಕೆ ಅಂಗಡಿಕಾರರು ಪೂಜೆಗಿಡುವ ದಪ್ಪ ವಹಿಗಳನ್ನು ಕಟ್ಟಿದ ಕೈ ಅದು. ನಮ್ಮ ಕಡೆ ಹಾರ್ಡ್ ಬೌಂಡ್ ಮಾಡಿಸುವವರು ಅಂಥವರನ್ನು ಹುಡುಕಿಕೊಂಡು ಹೋಗಬೇಕು.

ಮುಖಪುಟದ ಚಿತ್ರ: ಮುಖವೋ, ಪ್ರಸಂಗವೋ, ವಸ್ತುವೋ?

ಹಂಚಿಯ ಕಥೆಯನ್ನೇ ತೆಗೆದುಕೊಳ್ಳಿ. ಚಿನ್ನದ ಕೂದಲಿನ ಹುಡುಗಿ ಮಣ್ಣಿನ ಹಂಚಿನ ಮುಖವಾಡ ತೊಟ್ಟು ಮನೆ ಬಿಟ್ಟು ಹೋಗುತ್ತಾಳೆ, ಸಾಹುಕಾರನ ಮನೆಯಲ್ಲಿ ಅಡುಗೆ ಕೆಲಸಕ್ಕೆ ಸೇರುತ್ತಾಳೆ. ಮುಖಪುಟಕ್ಕೆ ಮೊದಲು ಹೊಳೆಯುವುದು ಆ ಕೂದಲು ಹರಡಿ ನಿಂತ ಸುಂದರಿಯ ಮುಖ. ಹಾಗೆ ಹಾಕಿದರೆ ಕಥೆ ಬಚ್ಚಿಟ್ಟುಕೊಂಡು ಬಂದ ಗುಟ್ಟು ಅಂಗಡಿಯಲ್ಲೇ ಬಯಲಾಗುತ್ತದೆ. ಸಾಹುಕಾರನ ಕಿರಿಯ ಮಗ ಅವಳ ಕೂದಲನ್ನು ನೋಡಿಬಿಡುವ ಪ್ರಸಂಗ ಹಾಕಿದರೂ ಅದೇ ಗತಿ. ನಾನಾದರೆ ಮುಖವಾಡವೊಂದನ್ನೇ ಹಾಕುತ್ತೇನೆ. ಕಡುನೀಲಿ ಹಿನ್ನೆಲೆ, ಸುಟ್ಟ ಮಣ್ಣಿನ ಬಣ್ಣದ ದುಂಡು ಹಂಚು, ಎರಡು ಕಣ್ಣಿನ ತೂತು, ಹಂಚಿನ ಅಂಚಿನಿಂದ ಜಾರಿದ ಒಂದೇ ಒಂದು ಹಳದಿ ಎಳೆ. ನೋಡಿದ ಮಗು ‘ಇದರ ಹಿಂದ ಯಾರದಾರ?’ ಎಂದು ಕೇಳಬೇಕು.

ಕಾಗಕ್ಕ–ಗುಬ್ಬಕ್ಕನ ಕಥೆಗೆ ಈ ಲೆಕ್ಕ ನಡೆಯುವುದಿಲ್ಲ. ಅದು ಗೊತ್ತಿಲ್ಲದ ಮನೆಯೇ ಇಲ್ಲ. ಬಚ್ಚಿಡಲು ಗುಟ್ಟೂ ಇಲ್ಲ. ಅಲ್ಲಿ ಪ್ರಸಂಗವೇ ಸರಿ: ಸುರಿಯುವ ಮಳೆ, ಮುಚ್ಚಿದ ಬಾಗಿಲು, ತೊಯ್ದು ತೊಪ್ಪೆಯಾದ ಕಾಗೆ. ಚಿತ್ರ ನೋಡುತ್ತಿದ್ದಂತೆ ‘ಗುಬ್ಬಕ್ಕಾ ಗುಬ್ಬಕ್ಕಾ, ಬಾಗಲಾ ತಗಿ’ ಎಂಬ ದನಿ ತಾನಾಗಿ ಕೇಳಿಸುತ್ತದೆ. ಏಳು ಸಮುದ್ರದ ಆಚೆ ಗಿಳಿಯೊಳಗೆ ಜೀವ ಇಟ್ಟ ರಾಕ್ಷಸನ ಕಥೆಗೆ ಮಾತ್ರ ಮುಖವನ್ನೇ ಹಾಕಿ, ದೊಡ್ಡದಾಗಿ, ಪುಟದ ಅಂಚಿನಿಂದಾಚೆ ಕೊಂಬು ಹೋಗುವಂತೆ. ರಾಕ್ಷಸನನ್ನು ಮೊದಲೇ ತೋರಿಸಿದರೆ ಕಥೆಗೇನೂ ನಷ್ಟವಿಲ್ಲ, ಅವನ ಜೀವ ಎಲ್ಲಿದೆ ಎಂಬುದಲ್ಲವೇ ಒಗಟು. ಹಾಗೆಂದು ಗಿಳಿಯನ್ನು ಅವನ ಹೆಗಲ ಮೇಲೆ ಕೂರಿಸಿಬಿಡಬೇಡಿ. ಅದು ಎಂಡ್‌ಪೇಪರಿಗೆ ಬೇಕಾಗುತ್ತದೆ.

ಅಂದರೆ ಕಥೆ ಅಪರಿಚಿತವಾದರೆ ವಸ್ತು, ಪರಿಚಿತವಾದರೆ ಪ್ರಸಂಗ, ಪಾತ್ರವೇ ಕಥೆಯನ್ನು ಎಳೆಯುವುದಾದರೆ ಮುಖ. ಕೇವಲ ಅಂಚುಚಿತ್ತಾರ ಮತ್ತು ನಡುವೆ ಹೆಸರು ಎಂಬ ನಾಲ್ಕನೆಯ ದಾರಿಯೂ ಇದೆ. ಹಲವು ಕಥೆಗಳ ಸಂಗ್ರಹಕ್ಕೆ ಅದು ಹೊಂದುತ್ತದೆ, ಒಂದು ಕಥೆಯ ಪುಸ್ತಕಕ್ಕೆ ಸಪ್ಪೆಯಾಗುತ್ತದೆ.

ಹೊರದೇಶದ ಕಥೆ ಕನ್ನಡಕ್ಕೆ ತಂದಿದ್ದರೆ ಯಾವ ಪಾಠ, ಅಂದರೆ ಯಾರು ಹೇಳಿದ ರೂಪ, ಎಂದು ನೋಡಿಕೊಳ್ಳಿ. ಸಿಂಡ್ರೆಲ್ಲಾಳ ಗಾಜಿನ ಪಾದರಕ್ಷೆ ಮತ್ತು ಕುಂಬಳಕಾಯಿಯ ರಥ 1697ರಲ್ಲಿ ಪ್ರಕಟವಾದ ಶಾರ್ಲ್ ಪೆರೋನ ಪಾಠದವು. ಗ್ರಿಮ್ ಸಹೋದರರ ಸಂಗ್ರಹದ ಮೊದಲ ಸಂಪುಟ ಬಂದದ್ದು 1812ರಲ್ಲಿ. ಅವರ ಪಾಠದಲ್ಲಿ ಕುಂಬಳಕಾಯಿ ಇಲ್ಲ, ತಾಯಿಯ ಸಮಾಧಿಯ ಮೇಲೆ ಬೆಳೆದ ಮರವಿದೆ, ಹಕ್ಕಿಗಳಿವೆ. ಒಳಗೆ ಗ್ರಿಮ್ ಕಥೆ ಇಟ್ಟು ಮುಖಪುಟಕ್ಕೆ ಕುಂಬಳಕಾಯಿ ಬಿಡಿಸಿದರೆ ಮಗು ಕೊನೆಯ ಪುಟದವರೆಗೂ ಅದನ್ನು ಹುಡುಕುತ್ತದೆ. ಕಪ್ಪೆರಾಯನ ಕಥೆಯಲ್ಲಂತೂ ಗ್ರಿಮ್ ರಾಜಕುಮಾರಿ ಕಪ್ಪೆಗೆ ಮುತ್ತು ಕೊಡುವುದೇ ಇಲ್ಲ, ಸಿಟ್ಟಿನಿಂದ ಗೋಡೆಗೆ ಎಸೆಯುತ್ತಾಳೆ. ಮುತ್ತಿನ ಚಿತ್ರ ಎಲ್ಲೆಡೆ ಸಿಗುತ್ತದೆಂದು ಅದನ್ನೇ ಹಾಕುವುದು ಓದುಗರಿಗೆ ಸುಳ್ಳು ಹೇಳಿದಂತೆ. ಹಾಗೆಯೇ ಒಳಗೆ ಜರ್ಮನಿಯ ಕಾಡು, ಕೋಟೆ ಇರುವ ಕಥೆಗೆ ಹೊರಗೆ ಇಳಕಲ್ಲ ಸೀರೆ ಉಡಿಸಬೇಡಿ. ಇಡೀ ಕಥೆಯನ್ನು ಮಲಪ್ರಭೆಯ ದಂಡೆಗೆ ತಂದು ಹೊಸದಾಗಿ ಬಿಡಿಸಿದ್ದೀರಿ ಎಂದಾದರೆ ಧಾರಾಳವಾಗಿ ಉಡಿಸಿ.

ವಿಜಯಪುರದವರಿಗೆ ಒಂದು ಮಾತು. 1656ರಲ್ಲಿ ಮುಗಿದ ಗೋಳಗುಮ್ಮಟ ಕ್ಯಾಲೆಂಡರು, ಕರಪತ್ರ, ಅಂಗಡಿ ಬೋರ್ಡು ಎಲ್ಲದರ ಮೇಲೂ ಇದೆ. ಕಥೆ ಅದರೊಳಗೆ ನಡೆಯದಿದ್ದರೆ ಮುಖಪುಟದಲ್ಲಿ ಅದರ ಆಕಾರ ಬೇಡ. ನಡೆದರೆ, ಹೊರಗಿನ ಗುಮ್ಮಟಕ್ಕಿಂತ ಒಳಗಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕಿವಿ ಗೋಡೆಗಿಟ್ಟು ಕುಳಿತ ಹುಡುಗಿಯನ್ನು ಬಿಡಿಸಿ.

ಆಯ್ಕೆ ಮಾಡಿದ ಚಿತ್ರವನ್ನು ಎರಡು ಕಡೆ ಪರೀಕ್ಷಿಸಿ. ಒಂದು, ಮೊಬೈಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಮಾಡಿ ನೋಡಿ. ಆನ್‌ಲೈನಿನಲ್ಲಿ ಕೊಳ್ಳುವವರಿಗೆ ಕಾಣುವುದು ಹೆಚ್ಚುಕಡಿಮೆ ಅಷ್ಟೇ. ಇನ್ನೊಂದು, ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿ. ಅಲ್ಲಿ ಒಂದರ ಮೇಲೊಂದು ಹೊದಿಸಿ ಜೋಡಿಸಿರುತ್ತಾರೆ, ಮೇಲಿನ ಮೂರನೇ ಒಂದು ಭಾಗ ಮಾತ್ರ ಹೊರಗಿರುತ್ತದೆ. ಹೆಸರು ಅಲ್ಲಿರಬೇಕು, ಕಣ್ಣು ಸೆಳೆಯುವ ಬಣ್ಣವೂ ಅಲ್ಲೇ ಇರಬೇಕು. ಹೊರಗೆ ನೇತುಹಾಕುವ ಅಂಗಡಿಯಾದರೆ ಬಿಸಿಲಿನ ಮಾತೂ ಇದೆ. ಬಾಗಲಕೋಟೆಯ ಏಪ್ರಿಲ್ ಬಿಸಿಲಿಗೆ ಹಳದಿ ಮತ್ತು ಮೆಜೆಂಟಾ ಮೊದಲು ಸೋಲುತ್ತವೆ, ನೀಲಿ ಮತ್ತು ಕಪ್ಪು ಹೆಚ್ಚು ದಿನ ನಿಲ್ಲುತ್ತವೆ. ಇಡೀ ಚಿತ್ರ ಕೆಂಪು–ಹಳದಿಯಲ್ಲೇ ನಿಂತಿದ್ದರೆ ಬೇಸಿಗೆ ಕಳೆಯುವಷ್ಟರಲ್ಲಿ ಅದು ತಿಳಿನೀಲಿ ನೆರಳಾಗಿರುತ್ತದೆ. ಗೆರೆಗಳನ್ನಾದರೂ ಕಪ್ಪಿನಲ್ಲಿಡಿ.

ಮುಂದಿನಿಂದ ಹಿಂದಿನವರೆಗೆ ಹರಿಯುವ ಒಂದೇ ಚಿತ್ರವೋ, ಹಿಂಬದಿಗೆ ಬೇರೆಯದೋ? ಪಿನ್ ಬೈಂಡಿಂಗಿಗೆ ಹರಿಯುವ ಚಿತ್ರ ಬಹಳ ಚೆನ್ನ, ಬಿಚ್ಚಿಟ್ಟರೆ ಪೋಸ್ಟರಿನಂತೆ ಕಾಣುತ್ತದೆ. ಬಾರ್‌ಕೋಡಿಗೆ ಜಾಗ ಬಿಡುವುದನ್ನು ಮರೆಯಬಾರದು. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಅನ್ನು ರಾಜಾ ರಾಮಮೋಹನ್ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಅದರ ಬಾರ್‌ಕೋಡಿಗೆ ಬಿಳಿ ನೆಲ, ಕಪ್ಪು ಗೆರೆ ಬೇಕು. ಚಿತ್ರಕ್ಕೆ ಹೊಂದಲಿ ಎಂದು ಕೆಂಪು ಗೆರೆ ಮಾಡಿದರೆ ಸ್ಕ್ಯಾನರಿನ ಕೆಂಪು ಬೆಳಕಿಗೆ ಅದು ಕಾಣಿಸುವುದೇ ಇಲ್ಲ.

ಹೆಸರಿನ ಅಕ್ಷರ

ಕೈಯಲ್ಲಿ ಬರೆದ ಅಕ್ಷರವೋ, ಫಾಂಟೋ ಎಂದು ಕೇಳಿದರೆ ಕಿನ್ನರಗಥೆಗೆ ನನ್ನ ಮತ ಕೈಬರಹಕ್ಕೆ. ಕನ್ನಡ ಅಕ್ಷರದ ದುಂಡು, ತಲೆಕಟ್ಟು, ಕೆಳಗೆ ಇಳಿಯುವ ಒತ್ತು, ಇವೆಲ್ಲ ಚಿತ್ರಕಾರನಿಗೆ ಆಟದ ಸಾಮಾನು. ರಾಕ್ಷಸನ ‘ಕ್ಷ’ ಒತ್ತಿನ ಬಾಲವನ್ನು ಹಾವಿನಂತೆ ಎಳೆಯಬಹುದು. ಫಾಂಟ್ ಬಳಸಿದರೆ ಅಕ್ಷರಕ್ಕೆ ದಪ್ಪ ಔಟ್‌ಲೈನ್ ಕೊಡುವ ಚಟ ಬಿಡಿ. ಇಂಗ್ಲಿಷಿನ ದೊಡ್ಡಕ್ಷರ ಅದನ್ನು ತಾಳಿಕೊಳ್ಳುತ್ತದೆ, ಕನ್ನಡದ ಹೊಟ್ಟೆಯೊಳಗಿನ ಸಣ್ಣ ಖಾಲಿ ಜಾಗ ಮುಚ್ಚಿಹೋಗಿ ಥ, ಧ, ಢ ಎಲ್ಲ ಒಂದೇ ಆಗಿ ಕಾಣುತ್ತವೆ. ಎರಡು ಸಾಲಿನ ಹೆಸರಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸನ್ನು ಗುದ್ದದಂತೆ ನೋಡಿಕೊಳ್ಳಿ. ಬೆನ್ನಿನ ಅಗಲ ಐದಾರು ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಅಲ್ಲಿ ಹೆಸರು ಬೇಡವೇ ಬೇಡ.

ಎಂಡ್‌ಪೇಪರ್

ಎಲ್ಲಕ್ಕಿಂತ ಸರಳವಾದದ್ದು ಬಣ್ಣದ ಹಾಳೆ, ಮುದ್ರಣವೇ ಇಲ್ಲ. ಹಂಚಿಯ ಕಡುನೀಲಿ ಮುಖಪುಟ ತೆರೆದ ಕೂಡಲೇ ಅಚ್ಚ ಹಳದಿ ಹಾಳೆ ಬಂದರೆ ಅದೇ ಅವಳ ಕೂದಲು. ಒಂದು ಗೆರೆ ಬಿಡಿಸದೆ ಕಥೆ ಹೇಳಿದಂತಾಯಿತು. ಬಣ್ಣ ಆರಿಸುವಾಗ ಇಳಕಲ್ಲ ಸೀರೆಯನ್ನು ಎದುರಿಗೆ ಹರವಿಕೊಳ್ಳಿ. ಕಡುಬಣ್ಣದ ಒಡಲು, ಅದನ್ನು ಕಟ್ಟಿಹಾಕುವ ದಡಿ, ತುದಿಗೆ ಬಂದಾಗ ಕೆಂಪು ರೇಷ್ಮೆ ಸೆರಗು, ಅದರಲ್ಲಿ ಬಿಳಿಯ ತೋಪುತೆನೆ ಚಿತ್ತಾರ. ನೇಕಾರರು ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ. ಪುಸ್ತಕವನ್ನೂ ಹಾಗೇ ಯೋಚಿಸಬಹುದು: ಮುಖಪುಟ ಒಡಲು, ಬೆನ್ನು ದಡಿ, ಎಂಡ್‌ಪೇಪರ್ ಸೆರಗು. ಸೆರಗು ಒಡಲಿನ ಬಣ್ಣದ್ದೇ ಆಗಿರುವುದಿಲ್ಲ, ಆದರೂ ಬೇರೆ ಸೀರೆಯದು ಅನ್ನಿಸುವುದಿಲ್ಲ. ಎಂಡ್‌ಪೇಪರಿನ ಬಣ್ಣಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ.

ಎರಡನೆಯದು ಚಿತ್ತಾರ. ಇಲ್ಲಿ ನಮ್ಮ ಭಾಗದವರ ಕೈಗೆ ದೊಡ್ಡ ಸಂಪತ್ತಿದೆ. ಕಸೂತಿ ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ, ಹಾಗಾಗಿ ಅದರ ಆಕಾರಗಳೆಲ್ಲ ಚೌಕಳಿಯ ಮೇಲೆ ಕೂರುತ್ತವೆ. ಗಂವಂತಿಯ ಗೆರೆ, ಮುರಗಿಯ ಮೆಟ್ಟಿಲು, ನೇಗಿಯ ತುಂಬು, ಮೆಂತಿಯ ಅಡ್ಡಹೊಲಿಗೆ, ನಾಲ್ಕನ್ನೂ ಗ್ರಾಫ್ ಹಾಳೆಯ ಮೇಲೆ ಬಿಡಿಸಿಕೊಳ್ಳಬಹುದು. ಗೋಪುರ, ತೇರು, ನವಿಲು, ಆನೆ, ತುಳಸಿಕಟ್ಟೆ ಎಲ್ಲವೂ ಸಣ್ಣದಾದಷ್ಟೂ ಚೊಕ್ಕ, ಒಂದೇ ಬಣ್ಣದಲ್ಲಿ ಅಚ್ಚಾದರೂ ಕಳೆಗುಂದುವುದಿಲ್ಲ. ಬಣ್ಣದ ಕಾಗದದ ಮೇಲೆ ಒಂದೇ ಬಣ್ಣ ಅಂದರೆ ಆಫ್‌ಸೆಟ್ಟಿನಲ್ಲಿ (ಬಣ್ಣಕ್ಕೊಂದು ಲೋಹದ ಪ್ಲೇಟು ಬಳಸುವ ಮುದ್ರಣದಲ್ಲಿ) ನಾಲ್ಕು ಪ್ಲೇಟಿನ ಬದಲು ಒಂದು ಪ್ಲೇಟು. ಗುಳೇದಗುಡ್ಡದ ಖಣದಲ್ಲಿ ಸಣ್ಣ ಬುಟ್ಟಾ ಮತ್ತೆ ಮತ್ತೆ ಬರುವ ಕ್ರಮವೂ ಎಂಡ್‌ಪೇಪರಿಗೆ ಹೇಳಿಮಾಡಿಸಿದಂತಿದೆ. ಆದರೆ ಚಿತ್ತಾರವನ್ನು ಸೀರೆಯಿಂದ ಎತ್ತಿ ಸುಮ್ಮನೆ ಅಂಟಿಸಬೇಡಿ. ಕಥೆಯ ಒಂದು ವಸ್ತುವನ್ನು ಅದರೊಳಗೆ ಸೇರಿಸಿ. ಸಾಲುಸಾಲು ಕಸೂತಿ ಹಕ್ಕಿಗಳ ನಡುವೆ ಎಲ್ಲೋ ಒಂದು ಕಡೆ ರಾಕ್ಷಸನ ಜೀವವಿರುವ ಗಿಳಿ. ಮೊದಲ ಸಲ ಯಾರಿಗೂ ಕಾಣುವುದಿಲ್ಲ. ಕಥೆ ಓದಿ ಮುಗಿಸಿದ ಮಗು ಹಿಂದಕ್ಕೆ ಬಂದು ಬೆರಳಿಟ್ಟು ಹುಡುಕುತ್ತದೆ, ಸಿಕ್ಕಾಗ ಮನೆಯವರನ್ನೆಲ್ಲ ಕರೆಯುತ್ತದೆ.

ಅಬ್ರಿ ಕಾಗದವನ್ನು ಇಲ್ಲಿ ಬಿಡಲಾರೆ. ಗೋಂದಿನಂಥ ಲೋಳೆಯಿಂದ ಮಂದ ಮಾಡಿದ ನೀರಿನ ಮೇಲೆ ಬಣ್ಣ ತೇಲಿಬಿಟ್ಟು, ಕಡ್ಡಿಯಿಂದಲೋ ಬಾಚಣಿಗೆಯಿಂದಲೋ ಎಳೆದು, ಮೇಲೆ ಹಾಳೆ ಹಾಸಿ ಎತ್ತಿದರೆ ಮೋಡದಂಥ ಸುಳಿಗಳು ಮೂಡುತ್ತವೆ. ಯುರೋಪಿನಲ್ಲಿ ಈ ಕಾಗದ ಎಂಡ್‌ಪೇಪರಾಗಿ ಹೆಸರಾಯಿತು. ವಿಜಯಪುರದ ಆದಿಲಶಾಹಿ ಕಾಲದ ಕಲಾವಿದರು ಇನ್ನೂ ಮುಂದೆ ಹೋಗಿ, 17ನೇ ಶತಮಾನದ ಮೊದಲರ್ಧದಲ್ಲಿ ಆ ಸುಳಿಗಳಿಂದಲೇ ಚಿತ್ರ ಮಾಡಿದರು. ವಿಜಯಪುರದ್ದೆಂದು ಗುರುತಿಸಲಾದ, ಎಲುಬು ಕಾಣುವ ಬಡಕಲು ಕುದುರೆ ಮತ್ತು ಸವಾರನ ಅಂಥ ಚಿತ್ರವೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ. ಮಾಯಾವಿ, ಜಿನ್ನ, ಹಾರುವ ಕುದುರೆಯ ಕಥೆಗೆ ಇದಕ್ಕಿಂತ ತಕ್ಕ ಹಾಳೆ ಬೇಕೇ? ಪ್ರತಿ ಪ್ರತಿಗೂ ಕೈಯಲ್ಲಿ ಮಾಡಬೇಕಾಗಿಲ್ಲ. ಹತ್ತಾರು ಹಾಳೆ ಎತ್ತಿ, ಚೆನ್ನಾಗಿ ಬಂದದ್ದನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕಿಸಿ.

ಮೂರನೆಯದು ನಕಾಶೆ. ನಾಯಕ ಒಂದೂರಿಂದ ಇನ್ನೊಂದೂರಿಗೆ ಅಲೆಯುವ ಕಥೆಗೆ ಮಾತ್ರ ಅದು ಬೇಕು. ಬಾದಾಮಿಯ ಕೆಂಪು ಬಂಡೆ, ಘಟಪ್ರಭೆ ಧುಮುಕುವ ಗೋಕಾಕ, ಕೃಷ್ಣೆಯ ತಿರುವು, ಇವನ್ನೇ ಹೆಸರು ಬದಲಿಸಿ ಏಳು ಸುತ್ತಿನ ಕೋಟೆಯ ದೇಶ ಮಾಡಬಹುದು. ನಕಾಶೆಯ ಮುಖ್ಯ ಊರು ನಡು ಮಡಿಕೆಯಲ್ಲಿ ಬೀಳದಿರಲಿ. ಪಾತ್ರಗಳ ಮುಖಗಳನ್ನು ಸಾಲಾಗಿ ಜೋಡಿಸುವ ನಾಲ್ಕನೆಯ ದಾರಿ ಸರಣಿ ಪುಸ್ತಕಗಳಿಗೆ ಸರಿ, ಬಿಡಿ ಕಥೆಗೆ ಬೇಕಿಲ್ಲ.

ನನಗೆ ತುಂಬ ಇಷ್ಟದ್ದು ಐದನೆಯದು. ಮೊದಲಿನ ಎಂಡ್‌ಪೇಪರಿನಲ್ಲಿ ಕಥೆಗಿಂತ ಮುಂಚಿನ ಹೊತ್ತು, ಕೊನೆಯದರಲ್ಲಿ ಕಥೆ ಮುಗಿದ ಮೇಲಿನ ಹೊತ್ತು. ಕಾಗಕ್ಕ–ಗುಬ್ಬಕ್ಕನಿಗೆ ಇದು ಹೀಗಾಗುತ್ತದೆ: ಮುಂದೆ ಒಣ ಹಗಲು, ಬಯಲಿನಲ್ಲಿ ಎರಡು ಮನೆ, ಕಾಗಕ್ಕನದು ಸಗಣಿಯದು, ಗುಬ್ಬಕ್ಕನದು ಕಲ್ಲಿನದು, ದೂರದ ಮೂಲೆಯಲ್ಲಿ ಅಂಗೈಯಷ್ಟು ಕಪ್ಪು ಮೋಡ. ಹಿಂದೆ ಅದೇ ಬಯಲು, ಅದೇ ಕೋನ, ಮಳೆ ನಿಂತಿದೆ, ಒಂದೇ ಮನೆ ಉಳಿದಿದೆ, ಇನ್ನೊಂದಿದ್ದ ಜಾಗದಲ್ಲಿ ನೀರು ನಿಂತಿದೆ. ಒಂದಕ್ಷರವೂ ಬೇಡ. ಎರಡನ್ನೂ ಒಂದೇ ಕೋನದಿಂದ ಬಿಡಿಸುವುದೇ ಇದರ ಜೀವ. ಆಗ ಮಗು ಪುಸ್ತಕದ ಎರಡು ತುದಿಯನ್ನೂ ಬೆರಳಲ್ಲಿ ಹಿಡಿದು ಆಚೆ ಈಚೆ ಮಗುಚಿ ಏನೇನು ಬದಲಾಗಿದೆ ಎಂದು ಹೋಲಿಸುತ್ತದೆ. ಇದಕ್ಕೆ ಖರ್ಚು ಹೆಚ್ಚು, ಎರಡು ಬೇರೆ ಚಿತ್ರ, ನಾಲ್ಕು ಬಣ್ಣ. ಹೊಂದಿಸಲು ಆಗದಿದ್ದರೆ ಎರಡನ್ನೂ ಒಂದೇ ಬಣ್ಣದಲ್ಲಿ ಬಿಡಿಸಿ, ಮುಂದಿನದಕ್ಕೆ ಕಂದು, ಹಿಂದಿನದಕ್ಕೆ ನೀಲಿ. ಮಳೆಯ ಕಥೆಗೆ ಅದೂ ಒಪ್ಪುತ್ತದೆ.

ಶಾಲೆಗೆ ಹೋಗುವ ಪುಸ್ತಕವಾದರೆ ಇನ್ನೊಂದು ಸಂಗತಿ ನೆನಪಿಡಿ. ಗ್ರಂಥಾಲಯದವರು ಮೊಹರು ಒತ್ತುವುದು, ತಾರೀಖಿನ ಚೀಟಿ ಅಂಟಿಸುವುದು ಎಂಡ್‌ಪೇಪರಿನ ಮೇಲೇ. ನಿಮ್ಮ ಮೋಡದ ಮೇಲೋ ಗಿಳಿಯ ಮೇಲೋ ಚೀಟಿ ಬೀಳದಿರಬೇಕಾದರೆ ನೀವೇ ಜಾಗ ಮಾಡಿಕೊಡಿ. ಮೊದಲ ಹಾಳೆಯಲ್ಲಿ ‘ಈ ಪುಸ್ತಕ ಯಾರದು’ ಎಂಬ ಸಣ್ಣ ಚೌಕಟ್ಟು, ಕೊನೆಯದರಲ್ಲಿ ಚೀಟಿಯಷ್ಟಗಲದ ಖಾಲಿ ಗೋಡೆ ಅಥವಾ ಆಕಾಶ. ಹಾರ್ಡ್ ಬೌಂಡಿನಲ್ಲಿ ರಟ್ಟಿಗೆ ಅಂಟುವ ಅರ್ಧ ಭಾಗದ ಅಂಚು ಎರಡು ಮೂರು ಮಿಲಿಮೀಟರ್ ಅತ್ತಿತ್ತ ಆಗುವುದು ಸಹಜ, ಆದ್ದರಿಂದ ಅಂಚಿಗೆ ಹೊಂದಿ ಚೌಕಟ್ಟಿನ ಗೆರೆ ಎಳೆಯಬೇಡಿ, ಡೊಂಕು ಎದ್ದು ಕಾಣುತ್ತದೆ.

ಹೊಳಪು, ಮ್ಯಾಟ್, ಮಿನುಗು

ಗ್ಲಾಸಿ, ಅಂದರೆ ಹೊಳಪಿನ, ಲ್ಯಾಮಿನೇಶನ್ ಬಣ್ಣವನ್ನು ಎತ್ತಿ ತೋರಿಸುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಮ್ಯಾಟ್ ನೋಡಲು ಗಂಭೀರ, ಆದರೆ ಕಡುಬಣ್ಣದ ಮ್ಯಾಟ್ ಮೇಲೆ ಬೆರಳಿನ ಗುರುತು, ಗೀರು ಬೇಗ ಕಾಣುತ್ತವೆ. ಮಧ್ಯಾಹ್ನದ ಊಟ ಮುಗಿಸಿದ ಕೈಗಳಿಗೆ ಹೋಗುವ ಪುಸ್ತಕಕ್ಕೆ ನಾನು ಗ್ಲಾಸಿ ಹೇಳುತ್ತೇನೆ. ಸ್ಪಾಟ್ ಯುವಿ (ಬೇಕಾದ ಜಾಗಕ್ಕಷ್ಟೇ ಹಾಕುವ ಹೊಳಪಿನ ಲೇಪ), ಚಿನ್ನದ ಫಾಯಿಲ್ ಕಥೆಗೆ ಅರ್ಥ ಕೊಟ್ಟರೆ ಮಾತ್ರ. ಹಂಚಿಯ ಒಂದು ಎಳೆ ಕೂದಲಿಗೆ ಫಾಯಿಲ್ ಹಾಕಿಸಿ, ಹೆಸರಿಗೆ ಬೇಡ. ಫಾಯಿಲಿನಲ್ಲಿ ಸಣ್ಣ ಒತ್ತಕ್ಷರ ಮುಚ್ಚಿಹೋಗುತ್ತದೆ. ಡೈ ಕಟ್ ಮಾಡಿಸಿ ಮುಖವಾಡದ ಕಣ್ಣಿನ ಜಾಗದಲ್ಲಿ ನಿಜವಾಗಿ ತೂತು ಬಿಡಿಸಿದರೆ ಒಳಗಿನ ಹಳದಿ ಎಂಡ್‌ಪೇಪರ್ ಅದರಿಂದ ಹೊಳೆಯುತ್ತದೆ. ಖರ್ಚು ತಾಳುವುದಾದರೆ ಇದಕ್ಕಿಂತ ಚಂದದ್ದಿಲ್ಲ. ತೂತು ಬೆನ್ನಿಗೂ ಅಂಚಿಗೂ ಹತ್ತಿರ ಬಂದರೆ ಮಕ್ಕಳ ಬೆರಳು ಸಿಕ್ಕಿ ಹರಿಯುತ್ತದೆ, ನಡುವೆ ಇರಲಿ.

ಪ್ರೆಸ್ಸಿಗೆ ಕೊಡುವ ಮುನ್ನ

ನೂರಿನ್ನೂರು ಪ್ರತಿಗೆ ಡಿಜಿಟಲ್, ಐನೂರು ದಾಟಿದರೆ ಆಫ್‌ಸೆಟ್ ದರ ಕೇಳಿ ನೋಡಿ. ಸ್ಕ್ರೀನಿನ ಮೇಲೆ ಹೊಳೆಯುವ ಗಿಳಿಹಸಿರು ನಾಲ್ಕು ಬಣ್ಣದ ಮುದ್ರಣದಲ್ಲಿ ಹಾಗೇ ಬರುವುದಿಲ್ಲ, ಮೊದಲಿನಿಂದಲೇ ಸಿಎಂವೈಕೆಯಲ್ಲಿ, ಅಂದರೆ ಮುದ್ರಣದ ಆ ನಾಲ್ಕು ಬಣ್ಣದ ಲೆಕ್ಕದಲ್ಲಿ, ಬಣ್ಣ ತುಂಬಿ. ಕತ್ತರಿಸುವಾಗ ಹೋಗುವುದಕ್ಕೆಂದು ಚಿತ್ರವನ್ನು ಸುತ್ತಲೂ 3 ಮಿಲಿಮೀಟರ್ ಹೆಚ್ಚುವರಿ ಬಿಡಿ. ಹಾರ್ಡ್ ಬೌಂಡಿನ ಹೊದಿಕೆಗೆ ರಟ್ಟಿನ ಒಳಕ್ಕೆ ಮಡಚಲು 15ರಿಂದ 20 ಮಿಲಿಮೀಟರ್ ಬೇಕು. ಕನ್ನಡ ಅಕ್ಷರಗಳನ್ನೆಲ್ಲ ಕರ್ವ್ ಮಾಡಿ, ಅಂದರೆ ಫಾಂಟ್ ಬೇಡದ ಗೆರೆಚಿತ್ರವಾಗಿಸಿ, ಕಳಿಸಿ. ನಿಮ್ಮಲ್ಲಿ ಯೂನಿಕೋಡ್, ಅಲ್ಲಿ ಹಳೆಯ ಸಾಫ್ಟ್‌ವೇರ್ ಇದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ‘ರಾಕ್ಷಸ’ ಹೋಗಿ ‘ರಾಕ್‌ಷಸ’ ಆಗುತ್ತಾನೆ.

ಫೈಲು ಮುಗಿಸುವ ಮೊದಲು ಬೈಂಡರಿನಿಂದ ಒಂದು ಖಾಲಿ ಡಮ್ಮಿ ಕಟ್ಟಿಸಿಕೊಳ್ಳಿ. ಅದೇ ಕಾಗದ, ಅಷ್ಟೇ ಪುಟ, ಅದೇ ರಟ್ಟು, ಮುದ್ರಣ ಮಾತ್ರ ಇಲ್ಲ. 80 ಜಿಎಸ್‌ಎಂ ಮ್ಯಾಪ್ಲಿಥೋ (ಹೊಳಪಿಲ್ಲದ ಸಾದಾ ಮುದ್ರಣ ಕಾಗದ) ಹಾಳೆಯ ದಪ್ಪ ಸುಮಾರು 0.1 ಮಿಲಿಮೀಟರ್, ಹಾಗಾಗಿ 96 ಪುಟ ಅಂದರೆ 48 ಹಾಳೆ, ಬೆನ್ನು ಸುಮಾರು 5 ಮಿಲಿಮೀಟರ್ ಎಂದು ಲೆಕ್ಕದಲ್ಲಿ ಬರುತ್ತದೆ. ಕೈಯಲ್ಲಿರುವ ಡಮ್ಮಿ ಅಳೆದರೆ ಅದು ಅರ್ಧ ಮಿಲಿಮೀಟರ್ ಹೆಚ್ಚೋ ಕಡಿಮೆಯೋ ಇರಬಹುದು. ಆ ಅಳತೆಯನ್ನೇ ಬರೆದುಕೊಂಡು ಬೆನ್ನಿನ ಅಗಲ ಸರಿಪಡಿಸಿ. ಡಮ್ಮಿಯ ಒಳಗೆ ಪೆನ್ಸಿಲಿನಿಂದ ಎಂಡ್‌ಪೇಪರ್ ಚಿತ್ರದ ಗುರುತು ಹಾಕಿ, ಪೂರ್ತಿ ತೆರೆದಾಗ ಎಷ್ಟು ಕಾಣುತ್ತದೆ, ಮಡಿಕೆಯಲ್ಲಿ ಎಷ್ಟು ಮುಳುಗುತ್ತದೆ ಎಂದು ನೋಡಿ. ಗಿಳಿ ಮುಳುಗುತ್ತಿದ್ದರೆ ಪಕ್ಕಕ್ಕೆ ಸರಿಸಿ, ಆಮೇಲೆ ಪ್ಲೇಟಿಗೆ ಹೇಳಿ.